ಹೆಸರಿಲ್ಲದ ಸೊಪ್ಪಿಗೆ ಲ್ಯಾಟಿನ್ ಬಾಲ

ನಮ್ಮ ಕಾಲೇಜಿನಲ್ಲಿ ಲ್ಯಾಟಿನ್ ಬರುತ್ತಿದ್ದದ್ದು ಒಬ್ಬರಿಗೇ. ಅವರ ಕೆಲಸ ಗಂಟೆ ಹೊಡೆಯುವುದು. ಹೆಸರು ಮುನಿಯಪ್ಪ, ಸಸ್ಯಶಾಸ್ತ್ರ ವಿಭಾಗದ ಅಟೆಂಡರ್.

ನಾನು ಅಲಮೇಲು, ಅದೇ ಕಾಲೇಜಿನ ಆಫೀಸಿನಲ್ಲಿ ಟೈಪಿಸ್ಟ್ ಆಗಿದ್ದವಳು. ವಿಜಯನಗರದಲ್ಲಿ ಮುನಿಯಪ್ಪನವರದೇ ಮನೆ. ಅದರ ಹಿಂದಿನ ಪೋರ್ಷನ್ನಿನಲ್ಲಿ ನಾನೂ ನನ್ನ ತಾಯಿಯೂ ಎಪ್ಪತ್ತೆರಡರಿಂದ ಬಾಡಿಗೆಗಿದ್ದೆವು. ಮಹಡಿಯ ಮೇಲೆ ಅದೇ ಸಸ್ಯಶಾಸ್ತ್ರ ವಿಭಾಗದ ಲೆಕ್ಚರರ್ ಡಾಕ್ಟರ್ ಗೋಪೀನಾಥ ಮತ್ತು ಅವನ ಹೆಂಡತಿ ತುಂಗಾ. ಅಂದರೆ ಲೆಕ್ಚರರು ಬಾಡಿಗೆದಾರ, ಅಟೆಂಡರು ಓನರು. ಬೆಳಿಗ್ಗೆ ಹನ್ನೊಂದಕ್ಕೆ ಕಾಲೇಜಿನಲ್ಲಿ, “ಮುನಿಯಪ್ಪಾ, ಒಂದ್ ಲೋಟ ನೀರು ತಗೊಂಬಾ” ಅಂತ ಕೂಗುತ್ತಿದ್ದ ಬಾಯಿ, ಸಂಜೆ ಆರಕ್ಕೆ ಮೆಟ್ಟಿಲ ಮೇಲಿಂದ, “ಓನರೇ, ಮೇಲೆ ನೀರು ಬರ್ತಿಲ್ಲ, ಸ್ವಲ್ಪ ನೋಡ್ತೀರಾ?” ಅಂತ ಜೇನು ಸುರಿಸುತ್ತಿತ್ತು. ಕಾಲೇಜಿನಲ್ಲಿ ನೀರು ಎರಡು ನಿಮಿಷದಲ್ಲಿ ಬರುತ್ತಿತ್ತು. ಮನೆಯಲ್ಲಿ ಮಾತ್ರ ಮುನಿಯಪ್ಪನವರು ಬೀಡಿ ಆರಿಸದೆಯೇ, “ನೋಡಾಣ” ಅನ್ನುತ್ತಿದ್ದರು.

ಒಂದು ಮಾತು ಮೊದಲೇ ಹೇಳಿಬಿಡುತ್ತೇನೆ. ಕಾಲೇಜಿನಲ್ಲಿ ನಾವೆಲ್ಲ “ಮುನಿಯಪ್ಪ ಬಂದ, ಹೋದ” ಅನ್ನುತ್ತಿದ್ದೆವು. ನಾನೂ ಅಂದಿದ್ದೇನೆ. “ಗೋಪೀನಾಥರು ಬಂದರು, ಹೋದರು” ಅಂತಲೂ ಅಂದಿದ್ದೇನೆ. ಈಗ ರಿಟೈರ್ ಆಗಿದ್ದೇನೆ, ನನ್ನ ಬಹುವಚನ ಯಾರಿಗೆ ಕೊಡಬೇಕು ಅನ್ನುವುದು ನನ್ನಿಷ್ಟ.

ಮುನಿಯಪ್ಪನವರಿಗೆ ಲ್ಯಾಟಿನ್ ಹತ್ತಿದ್ದು ಹೇಗೆ ಅಂದರೆ, ಅವರ ಅಕ್ಷರ ದುಂಡಗಿತ್ತು, ಅಷ್ಟೆ. ನಲವತ್ತೊಂಬತ್ತರಲ್ಲಿ ಕೆಲಸಕ್ಕೆ ಸೇರಿದಾಗ ವಿಭಾಗದ ಮುಖ್ಯಸ್ಥರು ವೆಂಕಟಗಿರಿ ಮೇಷ್ಟ್ರು. ಒಣಗಿಸಿದ ಗಿಡಗಳನ್ನು ಹಾಳೆಗೆ ಅಂಟಿಸಿ ಕೆಳಗೆ ಲ್ಯಾಟಿನ್ ಹೆಸರು ಬರೆದು ಬೀರುವಿನಲ್ಲಿಡಬೇಕು, ಮೇಷ್ಟ್ರ ಅಕ್ಷರ ಕಾಗೆಕಾಲು. ಲೋಯರ್ ಸೆಕೆಂಡರಿ ಓದಿದ್ದ ಈ ಹಳ್ಳಿ ಹುಡುಗನಿಗೆ ಆ ಕೆಲಸ ಹಚ್ಚಿದರು. ಬರೆಯುವವನು ತಪ್ಪು ಬರೆಯಬಾರದಲ್ಲ, ಅದಕ್ಕೆ ಕಲಿಸಿಯೂ ಬಿಟ್ಟರು. ತಾವು ಚಿಕ್ಕಂದಿನಲ್ಲಿ ‘ರಾಮಃ ರಾಮೌ ರಾಮಾಃ’ ಬಾಯಿಪಾಠ ಮಾಡಿದ ರಾಗದಲ್ಲೇ, ಮೇಜಿನ ಮೇಲೆ ತಾಳ ಹಾಕುತ್ತ, “ಆಲ್ಬುಸ್, ಆಲ್ಬ, ಆಲ್ಬುಮ್!” ಮೂರಕ್ಕೂ ಅರ್ಥ ಒಂದೇ, ಬಿಳಿದು. ಗಂಡು ಹೆಸರಿನ ಜೊತೆ ಮೊದಲನೆಯದು, ಹೆಣ್ಣು ಹೆಸರಿನ ಜೊತೆ ಎರಡನೆಯದು, ನಪುಂಸಕಕ್ಕೆ ಮೂರನೆಯದು. ಮುನಿಯಪ್ಪನವರು ಇದಕ್ಕೆ ‘ಬಾಲ’ ಅನ್ನುತ್ತಿದ್ದರು. “ಹೆಸ್ರು ಎತ್ಲಾಗೆ ತಿರುಗ್ತದೋ ಬಾಲಾನೂ ಅತ್ಲಾಗೇ ತಿರುಗ್ಬೇಕು ಕಣಮ್ಮ” ಎಂದು ನನಗೂ ಪಾಠ ಹೇಳಿದ್ದುಂಟು.

ಮೇಷ್ಟ್ರು ತೀರಿಕೊಂಡರು, ಲ್ಯಾಟಿನ್ ಮಾತ್ರ ಗಂಟೆಯ ಪಕ್ಕದ ಸ್ಟೂಲಿನ ಮೇಲೆ ಉಳಿಯಿತು. ಇಷ್ಟಾದ ಮೇಲೆ ಜಂಬ ಬೇಡವೇ? ಬಂತು. ಲೆಕ್ಚರರುಗಳು ಪಾಠ ಮಾಡುವಾಗ ಬಾಲ ತಪ್ಪಿದರೆ ಇವರು ಬಾಗಿಲಲ್ಲಿ ನಿಂತು ಒಂದು ಸಲ ಕೆಮ್ಮುತ್ತಿದ್ದರು. ದೊಡ್ಡ ತಪ್ಪಾದರೆ ಎರಡು ಸಲ. ಹುಡುಗರು ಪಾಠ ಬಿಟ್ಟು ಕೆಮ್ಮು ಎಣಿಸುತ್ತಿದ್ದರು. ಗೋಪೀನಾಥನ ಕ್ಲಾಸಿನಲ್ಲಿ ಒಂದು ಸಲ ಕೆಮ್ಮು ಹದಿನಾಲ್ಕು ದಾಟಿ, ಅವನು, “ಯಾರಾದ್ರೂ ಇವನಿಗೆ ಔಷಧಿ ಕೊಡಿಸ್ರಯ್ಯಾ” ಅಂತ ಅಲವತ್ತುಕೊಂಡನಂತೆ. ಇನ್ನೊಂದು ಸಲ ನಮ್ಮ ಬೀದಿಯ ಕಟ್ಟೆಯಲ್ಲಿ ಅರಳಿ ಮರಕ್ಕೂ ಬೇವಿನ ಮರಕ್ಕೂ ಮದುವೆ ಮಾಡುತ್ತಿದ್ದಾಗ ಇವರು ಮಧ್ಯೆ ಬಾಯಿ ಹಾಕಿ, “ಲ್ಯಾಟಿನ್ನಾಗೆ ಇಬ್ರೂ ಹೆಣ್ಣೇ ಸ್ವಾಮಿ, ಈ ಮದ್ವೆ ಹೆಂಗೆ?” ಅಂದರು. ಪುರೋಹಿತರು ಉದ್ಧರಣೆ ಎತ್ತಿಕೊಂಡು ಅಟ್ಟಿಸಿಕೊಂಡು ಬಂದಿದ್ದರು. ಸುಳ್ಳಲ್ಲ, ನಾನೇ ಕಣ್ಣಾರೆ ಕಂಡದ್ದು.

ಇಷ್ಟೆಲ್ಲ ಹೆಸರು ಬರೆದ ಮನುಷ್ಯನಿಗೆ ಒಂದೇ ಕೊರಗು, ತನ್ನ ಹೆಸರು ಎಲ್ಲೂ ನಿಲ್ಲುವುದಿಲ್ಲ ಅಂತ. ನಾವು ವಾಸವಿದ್ದ ಆ ಜಾಗ ಒಂದು ಕಾಲಕ್ಕೆ ಅವರ ತಾತನ ರಾಗಿ ಹೊಲ. ತಾತನ ಹೆಸರೂ ಮುನಿಯಪ್ಪನೇ, ಊರವರೆಲ್ಲ ಅದನ್ನು ‘ದೊಡ್ಡಮುನಿಯಪ್ಪನ ಹೊಲ’ ಅನ್ನುತ್ತಿದ್ದರಂತೆ. ಬಡಾವಣೆಯಾಯಿತು, ಹೊಲ ಹೋಗಿ ಹದಿನೇಳನೇ ಕ್ರಾಸ್ ಆಯಿತು. ಮುನಿಯಪ್ಪನವರಿಗೂ ಅವರ ಹೆಂಡತಿ ಲಿಂಗಮ್ಮನವರಿಗೂ ಮಕ್ಕಳಿರಲಿಲ್ಲ. “ತಾತನ ಹೆಸ್ರು ನಂಗಿಟ್ರು. ನನ್ ಹೆಸ್ರು ಇಕ್ಕಾಕೆ ಮೊಮ್ಮಗ ಇಲ್ಲ, ಹೊಲಾನೂ ಇಲ್ಲ. ನಾನ್ ಹೋದ್ರೆ ಮುಗೀತು ಅಲಮೇಲಮ್ಮ” ಎಂದು ಒಂದು ದಿನ ಬಾವಿಕಟ್ಟೆಯ ಮೇಲೆ ಕೂತು ಹೇಳಿದ್ದರು. ಎಲ್ಲಕ್ಕೂ ನಗುವ ನನಗೂ ಆಗ ನಗು ಬರಲಿಲ್ಲ.

ನಮ್ಮ ಮನೆಯ ಪಕ್ಕದ ಸೈಟು ಖಾಲಿ ಬಿದ್ದಿತ್ತು. ಅದರ ಅಂಚಿಗೆ ಹಳೆಯ ಹೊಲದ ಬದುವೊಂದು ಉಳಿದುಕೊಂಡಿತ್ತು. ಮಳೆಗಾಲದಲ್ಲಿ ಲಿಂಗಮ್ಮನವರು ಅಲ್ಲಿ ಬೆರಕೆ ಸೊಪ್ಪು ಕೀಳುತ್ತಿದ್ದರು: ಅಣ್ಣೆ, ಗೋಣಿ, ಹೊನಗೊನೆ, ಜೊತೆಗೆ ಕೆಂಪು ದಂಟಿನ, ಸಣ್ಣ ಬಿಳಿ ಹೂವಿನ ಇನ್ನೊಂದು. “ಇದಕ್ಕೇನಂತಾರೆ?” ಅಂತ ನಾನು ಕೇಳಿದರೆ, “ಇದಕ್ಯಾವ ಹೆಸ್ರು? ಇದು ಹಂಗೇ ಹಾಕೋದು” ಅನ್ನುತ್ತಿದ್ದರು. ಎಪ್ಪತ್ತಮೂರರ ಮುಂಗಾರಿನಲ್ಲಿ ಮುನಿಯಪ್ಪನವರು ಮೊರದಲ್ಲಿದ್ದ ಆ ‘ಹಂಗೇ ಹಾಕೋದ’ನ್ನು ಎತ್ತಿ, ಕಾಲೇಜಿನಿಂದ ತಂದಿದ್ದ ಭೂತಗನ್ನಡಿಯಲ್ಲಿ ಅರ್ಧ ಗಂಟೆ ನೋಡಿದರು. ಆಮೇಲೆ, “ಇದು ನಮ್ ಬೀರುನಾಗೆ ಇಲ್ಲ” ಅಂದರು. ಆರು ಸಾವಿರ ಹಾಳೆ ಅಂಟಿಸಿದ ಕೈ ಹೇಳಿದ ಮಾತದು.

ಒಯ್ದು ಮಹಡಿಯ ಮೇಲೆ ಕೊಟ್ಟರು. ಗೋಪೀನಾಥ ದಿನಾ ಟವಲ್ ಒಣಹಾಕುತ್ತ ಆ ಬದುವನ್ನೇ ನೋಡುತ್ತಿದ್ದವನು. ಪಾಪ, ಗಿಡ ಹಾಳೆಗೆ ಅಂಟಿ ಒಣಗದ ಹೊರತು ಅವನಿಗೆ ಕಾಣುತ್ತಿರಲಿಲ್ಲ. ಒಣಗಿಸಿ ಕಲ್ಕತ್ತೆಯ ದೊಡ್ಡ ಸಸ್ಯಸಂಗ್ರಹಾಲಯಕ್ಕೆ ಕಳಿಸಿದ. ಎಂಟು ತಿಂಗಳ ಮೇಲೆ ಉತ್ತರ ಬಂತು: ಇದು ಹೊಸ ಗಿಡ, ಎಲ್ಲೂ ದಾಖಲಾಗಿಲ್ಲ, ಬೇಗ ಪ್ರಕಟಿಸಿ. ಪ್ರೊಫೆಸರ್ ಆಗಲು ತುದಿಗಾಲಲ್ಲಿ ನಿಂತಿದ್ದವನಿಗೆ ರೊಟ್ಟಿ ಜಾರಿ ತುಪ್ಪಕ್ಕೆ ಬಿದ್ದಂತಾಯಿತು.

ತುಪ್ಪದಲ್ಲೊಂದು ನೊಣವಿತ್ತು. ಆ ಕಾಲದ ನಿಯಮ ಏನೆಂದರೆ, ಹೊಸ ಗಿಡದ ವರ್ಣನೆಯನ್ನು ಲ್ಯಾಟಿನ್ನಿನಲ್ಲೇ ಬರೆಯಬೇಕು. ಇಲ್ಲದಿದ್ದರೆ ಆ ಗಿಡ ಹುಟ್ಟೇ ಇಲ್ಲ ಅಂತ ಲೆಕ್ಕ. ಗೋಪೀನಾಥನಿಗೆ ಬರುತ್ತಿದ್ದ ಲ್ಯಾಟಿನ್ ಔಷಧಿ ಬಾಟಲಿಯ ಚೀಟಿ ಓದುವಷ್ಟು. ಸರಿ, ಸಂಜೆ ಮೆಟ್ಟಿಲಿಳಿದು ಬಂದ. ಮುನಿಯಪ್ಪನವರ ಪಕ್ಕ ಜಗಲಿಯ ಮೇಲೇ ಕೂತ.

“ಓನರೇ, ಕಂಡುಹಿಡಿದೋರು ನೀವು. ಲ್ಯಾಟಿನ್ನೂ ನೀವೇ ಬರೆದುಕೊಡಿ. ಗಿಡಕ್ಕೆ ನಿಮ್ಮ ಹೆಸರೇ ಇಡ್ತೀನಿ. ತಾಯಾಣೆ.”

ಮುನಿಯಪ್ಪನವರ ಬೀಡಿ ತಾನಾಗಿ ಆರಿಹೋಯಿತು. ಆವತ್ತು ಸಂಜೆಯೆಲ್ಲ ಹಿತ್ತಲಲ್ಲಿ ಓಡಾಡುತ್ತ ತಮ್ಮ ಹೆಸರಿಗೇ ಬಾಲ ಕಟ್ಟಿ ನೋಡಿದರು. “ಮುನಿಯಪ್ಪಾನುಸ್, ಮುನಿಯಪ್ಪಾನ, ಮುನಿಯಪ್ಪಾನುಮ್.” ನಾನು ಅಕ್ಕಿ ಆರಿಸುತ್ತ ಕೂತಿದ್ದೆ, “ಏನದು, ಸಂಧ್ಯಾವಂದನೆ ಶುರು ಮಾಡಿದ್ರಾ?” ಅಂದೆ.

“ಮುನಿಯಪ್ಪನಿಗೆ ಸೇರಿದ್ದು ಅಂತ ಅರ್ಥ ಕಣಮ್ಮ. ನಮ್ ಗಿಡದ ಕುಲದ ಹೆಸ್ರು ಹೆಣ್ಣು. ಅದಕ್ಕೆ ನಡುವಿಂದು, ಮುನಿಯಪ್ಪಾನ.”

“ಸರಿಹೋಯ್ತು! ಕನ್ನಡದಲ್ಲೂ ಮುನಿಯಪ್ಪನ ಅಂತಾನೇ ಅಲ್ವಾ? ಇಷ್ಟಕ್ಕೆ ಲ್ಯಾಟಿನ್ ಯಾಕೆ?”

“ಕನ್ನಡದ್ದು ಊರಲ್ಲೇ ಸಾಯ್ತದೆ ತಾಯಿ, ಹೊಲದ ಹೆಸ್ರು ಸತ್ತಂಗೆ. ಇದು ಸಾಯಾಕಿಲ್ಲ” ಅಂದರು. ಮುಖ ನೋಡಿದರೆ ಮದುಮಗ.

ಮಾರನೇ ದಿನವೇ ಬದುವಿಗೆ ಮುಳ್ಳಿನ ಬೇಲಿ ಬಿತ್ತು. ಅಕ್ಕಪಕ್ಕದ ಹೆಂಗಸರು ಸೊಪ್ಪಿಗೆ ಬಂದರೆ ಇವರು ಕೋಲು ಹಿಡಿದು, “ಆ ಕೆಂಪು ದಂಟಿಂದು ಮುಟ್ಬ್ಯಾಡಿ! ಅದು ನಂದು!” ಅಂತ ಅಟ್ಟುತ್ತಿದ್ದರು. ನಮ್ಮ ಜನಕ್ಕೆ ‘ಮುಟ್ಟಬೇಡಿ’ ಅಂದದ್ದೇ ತಪ್ಪಾಯಿತು. ಹಿತ್ತಲ ಗಿಡ ಮದ್ದಲ್ಲ ಅಂತ ಗಾದೆ, ಆದರೆ ಹಿತ್ತಲ ಗಿಡಕ್ಕೆ ಬೇಲಿ ಹಾಕಿದರೆ ಅದು ಮದ್ದೇ. ಒಂದು ವಾರದಲ್ಲಿ ಇಡೀ ಬೀದಿಗೆ ಸುದ್ದಿ: ಅಟೆಂಡರ್ ಮುನಿಯಪ್ಪ ಕಾಲೇಜಿಂದ ಯಾವುದೋ ಮೂಲಿಕೆ ಪತ್ತೆ ಮಾಡಿದಾನೆ, ಮಂಡಿನೋವಿಗೆ ರಾಮಬಾಣವಂತೆ, ದೊಡ್ಡ ಡಾಕ್ಟರೇ ಮಹಡಿಯಿಂದ ಇಳಿದು ಬಂದು ಜಗಲಿ ಮೇಲೆ ಕೂತು ಕೇಳ್ತಾರಂತೆ. ಇವರು ಗಂಟೆ ಹೊಡೆಯಲು ಕಾಲೇಜಿಗೆ ಹೋದ ಹೊತ್ತಿನಲ್ಲಿ ಹೆಂಗಸರು ಬೇಲಿ ಸರಿಸಿ, ಬೇರುಸಮೇತ ಕಿತ್ತು, ತಂತಮ್ಮ ಡಬ್ಬಿಗಳಲ್ಲಿ, ತೊಟ್ಟಿಗಳಲ್ಲಿ ನೆಟ್ಟುಕೊಂಡರು. ಕಾವಲಿದ್ದ ಲಿಂಗಮ್ಮನವರೇ ಎರಡು ಬುಡ ಕಿತ್ತು ಮಲ್ಲತ್ತಹಳ್ಳಿಯ ಅತ್ತಿಗೆಗೆ ಕಳಿಸಿದರು, ಅವರಿಗೂ ಮಂಡಿನೋವು. ನನ್ನ ತಾಯಿಯೂ ಒಂದು ಬುಡ ತಂದಿದ್ದರು ಅನ್ನುವುದನ್ನು ಈಗ ಒಪ್ಪಿಕೊಳ್ಳುತ್ತೇನೆ.

ಮುನಿಯಪ್ಪನವರು ಇತ್ತ ಮೂರು ತಿಂಗಳು ಕೂತು ಲ್ಯಾಟಿನ್ ವರ್ಣನೆಗೆ ಒಪ್ಪ ಹಾಕುತ್ತಿದ್ದರು. ಇನ್ನೇನು ಮುಗಿಯಬೇಕು, ಗೋಪೀನಾಥ ಮತ್ತೆ ಇಳಿದು ಬಂದ. ಈ ಸಲ ಕೂರಲಿಲ್ಲ.

“ಒಂದು ಸಣ್ಣ ಬದಲಾವಣೆ ಓನರೇ. ಹೆಸರು ನಮ್ಮ ಪ್ರಿನ್ಸಿಪಾಲರದ್ದು ಹಾಕಿಬಿಡಿ. ಲಕ್ಷ್ಮೀಪತಿ ಅಂತ.”

“ಯಾಕ್ ಸಾರ್?”

“ನನ್ನ ಪ್ರಮೋಷನ್ ಫೈಲು ಅವರ ಟೇಬಲ್ ಮೇಲಿದೆ. ಅಲ್ಲದೆ, ನೀವೇ ಯೋಚನೆ ಮಾಡಿ... ಅಟೆಂಡರ್ ಹೆಸರು ಗಿಡಕ್ಕಿಟ್ರೆ ಕಲ್ಕತ್ತೇಲಿ ಜನ ನಗೋದಿಲ್ವೇ?”

ಪ್ರಿನ್ಸಿಪಾಲ್ ಲಕ್ಷ್ಮೀಪತಿ ಅರ್ಥಶಾಸ್ತ್ರದವರು. ಅವರಿಗೆ ಗೊತ್ತಿದ್ದ ಗಿಡ ಅಂದರೆ ಮೇಜಿನ ಮೇಲಿನ ಪ್ಲಾಸ್ಟಿಕ್ ಗುಲಾಬಿ. ಮುನಿಯಪ್ಪನವರು ಬರೆದಿದ್ದ ಹಾಳೆಗಳನ್ನು ನಿಧಾನವಾಗಿ ಮಡಿಸಿ ಜೇಬಿಗಿಟ್ಟುಕೊಂಡು, “ಹಂಗಾದ್ರೆ ನಾನ್ ಬರೆಯಾಕಿಲ್ಲ ಸಾರ್” ಅಂದರು. ಇಪ್ಪತ್ತೈದು ವರ್ಷದ ನೌಕರಿಯಲ್ಲಿ ಅವರು ಇಲ್ಲ ಅಂದದ್ದು ಅದೇ ಮೊದಲು.

ನನಗಂತೂ ಮೈಯೆಲ್ಲ ಉರಿದುಹೋಯಿತು. “ಮಹಡಿ ಖಾಲಿ ಮಾಡಿಸ್ರಿ! ಮನೆ ನಿಮ್ಮದು, ಅವನಿಗೇನು ಹೆದರೋದು?” ಅಂದೆ. “ಬಾಡಿಗೆಯೋರು ಬೇರೆ, ಸಾರ್ ಬೇರೆ ಅಲಮೇಲಮ್ಮ. ಕಾಲೇಜಿನ ಜಗಳ ಮನೆಗ್ ತರಬಾರ್ದು” ಅಂದರು ಪುಣ್ಯಾತ್ಮರು. ಲಿಂಗಮ್ಮನವರಿಗೆ ಈ ನ್ಯಾಯವೆಲ್ಲ ತಿಳಿಯದು. ಸೀದಾ ಹೋಗಿ ಮಹಡಿಯ ನೀರಿನ ವಾಲ್ವ್ ತಿರುಗಿಸಿ ಬಂದರು. ಮೂರು ದಿನ ಡಾಕ್ಟರ್ ಗೋಪೀನಾಥ ಬಿಂದಿಗೆ ಹೊತ್ತು ಮೆಟ್ಟಿಲು ಹತ್ತಿದ. ಕಿಟಕಿಯಲ್ಲಿ ನಿಂತು ನೋಡಿ ನಾನು ಸಂತೋಷಪಟ್ಟೆ.

ಆದರೆ ಪ್ರೊಫೆಸರ್ ಆಗಲೇಬೇಕು ಅಂದವನು ನೀರಿಲ್ಲದಿದ್ದರೂ ಆಗುತ್ತಾನೆ. ಡಿಕ್ಷನರಿ ಇಟ್ಟುಕೊಂಡು ಲ್ಯಾಟಿನ್ ತಾನೇ ಬರೆದ. ಟೈಪ್ ಮಾಡಲು ನನ್ನ ಟೇಬಲ್ಲಿಗೆ ತಂದಿಟ್ಟು, “ನಾಳೆ ಪೋಸ್ಟಾಗ್ಬೇಕು” ಅಂತ ಹೇಳಿ ಊಟಕ್ಕೆ ಹೋದ. ಮಧ್ಯಾಹ್ನ ಎರಡರ ಗಂಟೆ ಹೊಡೆದು ಮುನಿಯಪ್ಪನವರು ಆಫೀಸಿನೊಳಗೆ ಬಂದರು. ಟೈಪ್‌ರೈಟರಿನ ಪಕ್ಕ ಇದ್ದ ಹಾಳೆ ಕಣ್ಣಿಗೆ ಬಿತ್ತು.

ಒಂದು ಸಲ ಕೆಮ್ಮಿದರು. ಮತ್ತೆ ಕೆಮ್ಮಿದರು. ಆಮೇಲೆ ಕೆಮ್ಮುವುದನ್ನೇ ಬಿಟ್ಟು ನನ್ನ ಎದುರಿನ ಕುರ್ಚಿಯಲ್ಲಿ ಕುಸಿದು ಕೂತರು. ಕಾಲೇಜಿನಲ್ಲಿ ಅವರು ಕುರ್ಚಿಯ ಮೇಲೆ ಕೂತದ್ದನ್ನು ನಾನು ಅದುವರೆಗೆ ನೋಡಿರಲಿಲ್ಲ.

“ಏನ್ ಮಾಡವ್ನೆ ನೋಡಮ್ಮ! ಎಲೆ ನಪುಂಸಕ, ಹೂವು ಗಂಡು, ಬೇರು ಹೆಣ್ಣು. ಎಲ್ಲಕ್ಕೂ ಒಂದೇ ಬಾಲ ಅಂಟ್ಸವ್ನೆ. ಗಿಡದ್ ಹೆಸ್ರಿಗೂ ಗಂಡಸಿನ ಬಾಲ. ಲಕ್ಷ್ಮೀಪತಿಯಾನುಸ್ ಅಂತೆ!”

“ಇರಲಿ ಬಿಡಿ!” ಅಂದೆ. ನನಗೆ ಖುಷಿಯೋ ಖುಷಿ. “ಹೀಗೇ ಟೈಪ್ ಮಾಡಿ ಕಳಿಸ್ತೀನಿ. ಕಲ್ಕತ್ತೆಯೋರು ಅಟೆಂಡರ್ ಹೆಸರು ನೋಡಿ ನಗ್ತಾರೆ ಅಂದನಲ್ಲ, ಇವನ ಲ್ಯಾಟಿನ್ ನೋಡಿ ನಗಲಿ. ಮಾಡಿದ್ದುಣ್ಣೋ ಮಹರಾಯ!”

ಮುನಿಯಪ್ಪನವರು ಎದ್ದು ಬಾಗಿಲವರೆಗೆ ಹೋದರು. ಹೋಗಲಿ, ಹೋಗಲಿ ಅಂತ ನಾನು ಮನಸ್ಸಿನಲ್ಲೇ ದೂಡುತ್ತಿದ್ದೆ. ಮನುಷ್ಯ ವಾಪಸ್ ಬಂದರು.

“ಅವ್ನು ಮಾಡಿದ್ ತಪ್ಪಿಗೆ ಗಿಡ ಏನ್ ಮಾಡ್ತಮ್ಮ? ಒಂದ್ಸಲ ಅಚ್ಚಾದ್ರೆ ಹಂಗೇ ಇರ್ತದೆ. ನಮ್ ತಾತನ ಬದುವಿನಾಗೆ ಬೆಳೆದಿದ್ದು ಅದು.”

ಜೇಬಿನಿಂದ ತಮ್ಮ ಪೆನ್ನು ತೆಗೆದರು. ತಿದ್ದುತ್ತಾ ಹೋದರು, ನಾನು ಎಣಿಸುತ್ತಾ ಹೋದೆ. ಇಪ್ಪತ್ತೆರಡು ತಪ್ಪು. ಕೊನೆಗೆ ಹೆಸರಿನ ಹತ್ತಿರ ಬಂದಾಗ ಪೆನ್ನು ನಿಂತಿತು. ಫ್ಯಾನು ತಿರುಗುತ್ತಿತ್ತು, ಹಾಳೆಯ ಮೂಲೆ ಎದ್ದು ಎದ್ದು ಬೀಳುತ್ತಿತ್ತು. ಲಕ್ಷ್ಮೀಪತಿಯನ್ನು ಹೊಡೆದುಹಾಕಿ ತಮ್ಮ ಹೆಸರು ಬರೆಯುತ್ತಾರೆ ಅಂದುಕೊಂಡೆ. ಬರೆದಿದ್ದರೆ, ದೇವರಾಣೆಗೂ ನಾನು ಹಾಗೇ ಟೈಪ್ ಮಾಡುತ್ತಿದ್ದೆ, ಕೆಲಸ ಹೋದರೆ ಹೋಗಲಿ ಅಂತ. ಅವರು ‘ಲಕ್ಷ್ಮೀಪತಿಯಾನುಸ್’ ಎಂಬುದರ ಗಂಡಸಿನ ಬಾಲ ಕತ್ತರಿಸಿ, ದುಂಡಗೆ ‘ಲಕ್ಷ್ಮೀಪತಿಯಾನ’ ಅಂತ ಮಾಡಿ, ಪೆನ್ನು ಮುಚ್ಚಿ, ಮೂರರ ಗಂಟೆ ಹೊಡೆಯಲು ಹೋದರು. ನನಗೆ ಅಳು ಬಂತು. ಆ ಮನುಷ್ಯನ ಒಳ್ಳೆಯತನದ ಮೇಲೆ ವಿಪರೀತ ಸಿಟ್ಟೂ ಬಂತು.

ಟೈಪಾದದ್ದು ಸರಿಯಾಗಿಯೇ ಹೋಯಿತು. ಗೋಪೀನಾಥ ತಿರುಗಿ ಓದಿಯೂ ನೋಡಲಿಲ್ಲ. ಓದಿದರೂ ಅವನಿಗೇನು ತಿಳಿಯಬೇಕು? ಎಪ್ಪತ್ತೈದರಲ್ಲಿ ಅಚ್ಚಾಗಿ ಬಂತು. ಲ್ಯಾಟಿನ್ ನಿರ್ದುಷ್ಟವಾಗಿದೆ ಎಂದು ಕಲ್ಕತ್ತೆಯವರು ವಿಶೇಷವಾಗಿ ಹೊಗಳಿ ಕಾಗದ ಬರೆದರು. ಆವತ್ತಿನಿಂದ ಅವನು ಸ್ಟಾಫ್ ರೂಮಿನಲ್ಲಿ ಕಾಲ ಮೇಲೆ ಕಾಲು ಹಾಕಿಕೊಂಡು, “ಲ್ಯಾಟಿನ್ ಒಂದು ಶಿಸ್ತು ಕಣ್ರೀ, ಎಲ್ಲರಿಗೂ ಒಲಿಯೋದಿಲ್ಲ” ಅನ್ನತೊಡಗಿದ. ಪ್ರೊಫೆಸರೂ ಆದ. ಪ್ರಿನ್ಸಿಪಾಲರ ಕೋಣೆಯಲ್ಲಿ ಗಿಡದ ಚಿತ್ರಕ್ಕೆ ಚೌಕಟ್ಟು ಹಾಕಿ ತೂಗುಹಾಕಿದರು. ಚೌಕಟ್ಟಿಗೆ ಮೊಳೆ ಹೊಡೆದದ್ದು ಯಾರು ಅಂತ ಬೇರೆ ಹೇಳಬೇಕೆ?

ಲೇಖನದ ಕೊನೆಯಲ್ಲಿ ವಂದನೆಗಳ ಪಟ್ಟಿ ಇತ್ತು. ಪ್ರಿನ್ಸಿಪಾಲರಿಗೆ ವಂದನೆ, ಕಲ್ಕತ್ತೆಯವರಿಗೆ ವಂದನೆ, ತಾಳ್ಮೆಯಿಂದ ಸಹಕರಿಸಿದ ಹೆಂಡತಿ ತುಂಗಾಗೆ ವಂದನೆ, ಅಂದವಾಗಿ ಟೈಪ್ ಮಾಡಿದ ಕುಮಾರಿ ಅಲಮೇಲುಗೂ ವಂದನೆ. ಮುನಿಯಪ್ಪನವರ ಹೆಸರಿಲ್ಲ. ನನ್ನ ಹೆಸರು ಅಚ್ಚಾದದ್ದು ಜೀವನದಲ್ಲಿ ಅದೊಂದೇ ಸಲ. ಆ ಪುಟವನ್ನು ನಾನು ನನ್ನ ತಾಯಿಗೂ ತೋರಿಸಲಿಲ್ಲ, ನಾಚಿಕೆಯಾಗಿತ್ತು. ಲೇಖನದಲ್ಲಿ ಇನ್ನೊಂದು ವಾಕ್ಯವೂ ಇತ್ತು: ಈ ಸಸ್ಯ ಅತ್ಯಂತ ವಿರಳ, ಒಂದೇ ಒಂದು ಸ್ಥಳದಲ್ಲಿ ಮಾತ್ರ ಕಂಡುಬಂದಿದೆ. ಅದು ಅಚ್ಚಾಗುವ ಹೊತ್ತಿಗೆ ನಮ್ಮ ಬೀದಿಯ ಪ್ರತಿ ಎಣ್ಣೆ ಡಬ್ಬಿಯಲ್ಲೂ ಆ ಅತ್ಯಂತ ವಿರಳ ಸಸ್ಯ ಮೊಳಕಾಲೆತ್ತರ ಬೆಳೆದು ನಿಂತಿತ್ತು.

ಮುನಿಯಪ್ಪನವರು ಮಾತು ಕಡಿಮೆ ಮಾಡಿದರು. ತರಗತಿಗಳಲ್ಲಿ ಕೆಮ್ಮು ಕೇಳಿಸದಾಯಿತು. ಬದುವಿನ ಬೇಲಿ ತಾನಾಗಿ ಮುರಿದು ಬಿತ್ತು, ಅವರು ಎತ್ತಿ ನಿಲ್ಲಿಸಲಿಲ್ಲ.

ಎಪ್ಪತ್ತಾರರ ಶ್ರಾವಣವಿರಬೇಕು, ಒಂದು ಭಾನುವಾರ ಬೆಳಿಗ್ಗೆ. ಬೀದಿಯಲ್ಲಿ ಹೊಸ ದನಿಯೊಂದು ಕೂಗುತ್ತ ಬಂತು: “ದಂಟೂ, ಸಬ್ಬಸ್ಗೇ, ಮುನಿಯಪ್ಪನ್ ಸೊಪ್ಪೂ...”

ನಾನು ಹಲ್ಲುಜ್ಜುತ್ತಿದ್ದವಳು ಹಾಗೇ ಬಾಗಿಲಿಗೆ ಓಡಿದೆ. ಮಲ್ಲತ್ತಹಳ್ಳಿಯಿಂದ ತಲೆಯ ಮೇಲೆ ಪುಟ್ಟಿ ಹೊತ್ತು ಬಂದ ಪಾಪಮ್ಮ ಎಂಬುವಳು, ನಮ್ಮ ಬೀದಿಗೆ ಅದೇ ಮೊದಲು. ಪುಟ್ಟಿ ಇಳಿಸಿದಳು. ಕೆಂಪು ದಂಟು, ಸಣ್ಣ ಬಿಳಿ ಹೂವು, ಬಾಳೆನಾರಿನಲ್ಲಿ ಕಟ್ಟಿದ ಕಟ್ಟುಗಳು. ತುಂಗಾ ಆಗಲೇ ಮಹಡಿಯಿಂದ ಇಳಿದು ಬಂದು ಎರಡು ಕಟ್ಟು ತೆಗೆದುಕೊಂಡಿದ್ದಳು, ಅವಳಿಗೂ ಮಂಡಿನೋವು. ಹಿಂದೆಯೇ ಕಾಫಿ ಲೋಟ ಹಿಡಿದುಕೊಂಡು ಪ್ರೊಫೆಸರ್ ಗೋಪೀನಾಥ. ಹೆಂಡತಿಯ ಕೈಯಲ್ಲಿದ್ದ ಕಟ್ಟನ್ನು, ತನ್ನನ್ನು ಪ್ರೊಫೆಸರ್ ಮಾಡಿದ ಗಿಡವನ್ನು, ಎರಡೂ ಕಣ್ಣಿಂದ ನೋಡಿ ಕೇಳಿದ: “ಇದೇನೇ, ಪಾಲಕ್ಕಾ?”

ಜಗಲಿಯ ಮೇಲಿಂದ ಒಂದು ಕೆಮ್ಮು ಕೇಳಿಸಿತು. ವರ್ಷದ ಮೇಲೆ ಕೇಳಿಸಿದ ಕೆಮ್ಮು.

ಮುನಿಯಪ್ಪನವರು ಇಳಿದು ಬಂದು ಪುಟ್ಟಿಯ ಮುಂದೆ ಕುಕ್ಕರಗಾಲಿನಲ್ಲಿ ಕೂತರು. “ಏನ್ ಸೊಪ್ಪು ಅಂದೆ?”

“ಮುನಿಯಪ್ಪನ್ ಸೊಪ್ಪು ಸಾಮಿ. ಮಂಡಿಗೆ ಒಳ್ಳೇದು. ನಮ್ ಕೆರೆ ಅಂಗಳದ ತುಂಬಾ ಇದೇಯ.”

“ಯಾರವ್ವಾ ಮುನಿಯಪ್ಪ ಅಂದ್ರೆ?”

“ಯಾರಿಗ್ ಗೊತ್ತು! ಯಾರೋ ಹಳೇ ಕಾಲದ ಪುಣ್ಯಾತ್ಮ ಇರ್ಬೇಕು, ಸತ್ತು ಯಾವ ಕಾಲ ಆಯ್ತೋ. ನಮ್ಮತ್ತೆ ಕಾಲದಿಂದ್ಲೂ ಹಂಗೇ ಅಂತಾರೆ.”

ಎರಡು ವರ್ಷದ ಸೊಪ್ಪಿಗೆ ಅತ್ತೆಯ ಕಾಲ! ನಾನು ಬಾಯಿ ತೆಗೆದೆ, ಇವರೇ ಕಣೇ ಆ ಮುನಿಯಪ್ಪ ಅನ್ನೋಣ ಅಂತ. ಮುನಿಯಪ್ಪನವರು ಕೈಯೆತ್ತಿ ನನ್ನನ್ನು ಸುಮ್ಮನಿರಿಸಿದರು. “ಹೂಂ, ಇರ್ಬೇಕು” ಅಂದು ಒಂದು ಕಟ್ಟು ಕೊಂಡರು.

ಆಮೇಲೆ ಪಾಪಮ್ಮ ಬಂದಾಗಲೆಲ್ಲ ಒಂದೊಂದು ಕಟ್ಟು ಕೊಳ್ಳತೊಡಗಿದರು. ದೂರದಲ್ಲಿ ಕೂಗು ಕೇಳಿದರೆ ಸಾಕು, ಜಗಲಿಗೆ ಬಂದು ಕೂರುತ್ತಿದ್ದರು. ಅವಳು ಎರಡು ಮನೆ ಆಚೆ ನಿಂತು ಬೇರೆಯವರಿಗೆ ಕೊಡುತ್ತಿದ್ದರೆ ಮುಗಿಸಿ ಬರುವವರೆಗೂ ಕಾಯುತ್ತಿದ್ದರು. ಲಿಂಗಮ್ಮನವರಿಗೆ ರೇಗಿಹೋಯಿತು. ಒಂದು ದಿನ ಮೊರ ಕುಕ್ಕಿ, “ನಿಮ್ಗೇನ್ ಬುದ್ಧಿಗಿದ್ದಿ ಕೆಟ್ಟೈತಾ? ಹಿತ್ಲಾಗೆ ಕಿತ್ತು ಬಿಸಾಕೋ ಅಷ್ಟ್ ಬೆಳೆದೈತೆ. ಕಾಸ್ ಕೊಟ್ಟು ಕೊಂಡ್ಕಂತೀರಲ್ಲ ಅದನ್ನೇ!” ಅಂದರು.

ಮುನಿಯಪ್ಪನವರು ಬೀಡಿ ಹಚ್ಚಿಕೊಂಡರು.

“ಹಿತ್ಲಂದು ಕೂಗಾಕಿಲ್ವಲ್ಲೇ” ಅಂದರು.